ಎಲೀಸ್ 111ಆರ್: ಮೊದಲು ಸಸ್ಪೆನ್ಷನ್ನಾ, ಸೂಪರ್‌ಚಾರ್ಜರ್‌ರಾ? ರಸ್ತೆ, ಟ್ರ್ಯಾಕ್ ಎರಡಕ್ಕೂ ಒಂದೇ ಕಾರು

ತುಂಗಾತೀರ · ನಾರ್ವಿಚ್

ಎಲ್ಲರಿಗೂ ನಮಸ್ಕಾರ. ನನ್ನದು 2005ರ ಲೋಟಸ್ ಎಲೀಸ್ 111ಆರ್. ಟೊಯೊಟಾದ 1.8 ಲೀಟರ್ 2ಝಡ್‌ಝಡ್ ಎಂಜಿನ್, ಆರು ಗೇರು, 189 ಬಿಎಚ್‌ಪಿ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಇಲ್ಲ. ಸ್ಪ್ರಿಂಗು, ಡ್ಯಾಂಪರು (ಶಾಕ್ ಅಬ್ಸಾರ್ಬರ್) ಎಲ್ಲ ಕಂಪನಿಯಿಂದ ಬಂದಾಗಿನವೇ. ಹಿಂದಿನ ಮಾಲೀಕರು ಸರ್ವಿಸ್ ತಪ್ಪಿಸಿಲ್ಲ, ಆದರೆ ಬೇರೇನನ್ನೂ ಮುಟ್ಟಿಲ್ಲ.

ಶನಿವಾರ, ಭಾನುವಾರ ನಾರ್ಫೋಕ್‌ನ ಹಳ್ಳಿ ರಸ್ತೆಗಳಲ್ಲಿ ಸುತ್ತಾಟ, ಬೇಸಿಗೆಯಲ್ಲಿ ಕೆಲವು ದಿನ ಆಫೀಸು, ಆಗಾಗ ಸ್ನೆಟರ್ಟನ್‌ನಲ್ಲಿ ಟ್ರ್ಯಾಕ್ ಡೇ. ಟ್ರೇಲರ್ ಇಲ್ಲ. ಟ್ರ್ಯಾಕಿಗೆ ಓಡಿಸಿಕೊಂಡೇ ಹೋಗಬೇಕು, ಸಂಜೆ ಅದರಲ್ಲೇ ಮನೆಗೆ ಬರಬೇಕು.

ಎರಡು ಜಾಗದಲ್ಲಿ ಸಮಾಧಾನ ಇಲ್ಲ. ಸ್ನೆಟರ್ಟನ್‌ನ ಉದ್ದ ನೇರ ದಾರಿ ಬೆಂಟ್ಲಿ ಸ್ಟ್ರೇಟ್‌ನಲ್ಲಿ ತಿರುವಿನೊಳಗೆ ನನಗಿಂತ ನಿಧಾನ ಇದ್ದವರೂ ಆರಾಮಾಗಿ ದಾಟಿ ಹೋಗುತ್ತಾರೆ. ಅಲ್ಲೇ ಕೋರಮ್ ಎಂಬ ಉದ್ದನೆಯ ಬಲತಿರುವಿನಲ್ಲಿ ಮೂಗು ಹೊರಕ್ಕೆ ಸರಿಯುತ್ತದೆ; ಥ್ರಾಟಲ್ ಸ್ವಲ್ಪ ಬಿಟ್ಟರೆ ಹಿಂಭಾಗ ಹಗುರಾಗಿ ಭಯ ಹುಟ್ಟಿಸುತ್ತದೆ. ಈ ವರ್ಷ ಒಂದಕ್ಕೆ ಮಾತ್ರ ದುಡ್ಡಿದೆ: ಒಳ್ಳೆಯ ಡ್ಯಾಂಪರ್ ಸೆಟ್ಟು, ಇಲ್ಲವೇ ಸೂಪರ್‌ಚಾರ್ಜರ್ ಕಿಟ್ಟು. ನೀವಾಗಿದ್ದರೆ ಯಾವುದು ಮೊದಲು?

ಹಳೆಸ್ಪ್ಯಾನರ್ · ಕೊವೆಂಟ್ರಿ

ಒಳ್ಳೆಯ ಕಾರು ಇಟ್ಟಿದ್ದೀರಿ. ಎರಡರಲ್ಲಿ ಯಾವುದು ಅಂತ ಹೇಳುವ ಮೊದಲು ಮೂರು ವಿಷಯ ಬೇಕು. ಟೈರು ಯಾವ ವರ್ಷದ್ದು? (ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ.) ಅಲೈನ್‌ಮೆಂಟ್ ಕೊನೆಯ ಸಲ ಯಾವಾಗ ಆಯಿತು? ಹಿಂದಿನ ಟೋ ಲಿಂಕ್ ಎಂದಾದರೂ ಬದಲಾಗಿದೆಯೇ?

ಮೂರನೆಯದನ್ನು ಇವತ್ತೇ ನೋಡಿ. ಈ ಕಾರಿನ ಹಿಂದಿನ ಚಕ್ರ ಯಾವ ದಿಕ್ಕಿಗೆ ಮುಖ ಮಾಡಬೇಕು ಅಂತ ನಿರ್ಧರಿಸುವುದು ಆ ಸಣ್ಣ ಕಡ್ಡಿ. ಅದರ ಒಳತುದಿಯ ಬಾಲ್ ಜಾಯಿಂಟ್‌ಗೆ ಒಂದೇ ಕಡೆ ಆಸರೆ. ರಸ್ತೆಯ ಮಟ್ಟಿಗೆ ಸಾಕಾಗುತ್ತದೆ. ಹಿಡಿತ ಜಾಸ್ತಿ ಇರುವ ಟೈರು ಹಾಕಿ, ಟ್ರ್ಯಾಕಿನ ಅಂಚಿನ ಕರ್ಬ್ ಮೇಲೆ ಹತ್ತಿಸಿ ಹತ್ತಿಸಿ ಓಡಿಸಿದರೆ ಅದಕ್ಕೆ ಬೀಳುವ ಹೊರೆ ಬೇರೆಯೇ. ಅದು ಮುರಿದರೆ ಹಿಂದಿನ ಚಕ್ರ ತನ್ನಷ್ಟಕ್ಕೆ ತಿರುಗುತ್ತದೆ, ಎಂಥ ಚಾಲಕನಿಗೂ ಹಿಡಿಯಲು ಆಗುವುದಿಲ್ಲ.

ನೋಡುವ ಕ್ರಮ: ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಒಬ್ಬರು ಚಕ್ರವನ್ನು ಗಡಿಯಾರದ ಮೂರು ಮತ್ತು ಒಂಬತ್ತರ ಜಾಗದಲ್ಲಿ ಹಿಡಿದು ಅಲ್ಲಾಡಿಸಲಿ. ನೀವು ಕೆಳಗಿನಿಂದ ಒಳಗಿನ ಜಾಯಿಂಟ್ ಮೇಲೆ ಬೆರಳಿಟ್ಟಿರಿ. ಟಕ್ ಅಂತ ಬೆರಳಿಗೆ ತಾಗಿದರೆ ಸವೆದಿದೆ ಎಂದೇ ಅರ್ಥ. ರಬ್ಬರ್ ಬೂಟ್ ಮಡಿಕೆಯಲ್ಲಿ ಬಿರುಕಿದೆಯೇ, ಅದರ ಬುಡದಲ್ಲಿ ಕೆಂಪು ಪುಡಿಯಂಥ ತುಕ್ಕು ಕೂತಿದೆಯೇ ಟಾರ್ಚ್ ಹಿಡಿದು ನೋಡಿ. ಬೂಟ್ ಹರಿದಿದ್ದರೆ ಅಲ್ಲಾಡದಿದ್ದರೂ ಬದಲಾಯಿಸಿ. ಎರಡೂ ಕಡೆ ಆಸರೆ ಕೊಡುವ ಬ್ರೇಸ್ ಸಮೇತ ಕಿಟ್ ಸಿಗುತ್ತದೆ, ಟ್ರ್ಯಾಕಿಗೆ ಹೋಗುವ ಎಲೀಸ್‌ಗೆ ಅದು ಕಡ್ಡಾಯ ಅಂತಲೇ ನನ್ನ ಅಭಿಪ್ರಾಯ. ಡ್ಯಾಂಪರ್, ಸೂಪರ್‌ಚಾರ್ಜರ್ ಎಲ್ಲ ಅದಾದ ಮೇಲೆ.

ಕೃಷ್ಣೆದಂಡೆ · ಸ್ಟುಟ್‌ಗಾರ್ಟ್

ಸ್ಪ್ಯಾನರ್ ಸರ್ ಹೇಳಿದ್ದು ಖರೆ ಐತ್ರಿ, ಟೋ ಲಿಂಕ್ ಮೊದಲು ನೋಡ್ರಿ. ಆದ್ರ ಅದಾದ ಮ್ಯಾಲೆ ನಾನು ಸೂಪರ್‌ಚಾರ್ಜರ್ ಕಡೀನ.

2ಝಡ್‌ಝಡ್ ಎಂಜಿನ್ನಿನ ಸ್ವಭಾವ ನೋಡ್ರಿ. ವಾಲ್ವ್ ಜಾಸ್ತಿ ತೆರೆಯೋ ದೊಡ್ಡ ಕ್ಯಾಮ್ ಕೂಡೋದು 6200 ಆರ್‌ಪಿಎಂ ಸುತ್ತಮುತ್ತ. ಗರಿಷ್ಠ ಟಾರ್ಕ್ 181 ನ್ಯೂಟನ್ ಮೀಟರ್, ಅದೂ 6800ಕ್ಕ. ಹಳ್ಳಿ ರಸ್ತ್ಯಾಗ ಟ್ರ್ಯಾಕ್ಟರ್ ದಾಟಬೇಕಂದ್ರ ಎರಡು ಗೇರ್ ಇಳಿಸಬೇಕು. ಟ್ರ್ಯಾಕಿನ್ಯಾಗ ಒಂದು ಗೇರ್ ತಪ್ಪಿದ್ರ ಕ್ಯಾಮ್ ಕೆಳಗ ಬಿದ್ದು ಮುಂದಿನ ನೇರ ದಾರಿ ಪೂರ್ತಿ ಹೋತು. ನನ್ನದು 2007ರ ಲೋಟಸ್ ಎಕ್ಸಿಜ್ ಎಸ್ (ಎಲೀಸ್‌ದ ಗಟ್ಟಿ ಚಾವಣಿ ರೂಪ), ಅದ ಎಂಜಿನ್, ಮ್ಯಾಲೆ ಈಟನ್ ಎಂ62 ಸೂಪರ್‌ಚಾರ್ಜರ್, 218 ಬಿಎಚ್‌ಪಿ. ನಂಬರ್ ನೋಡಿದ್ರ ಬರೇ 29 ಜಾಸ್ತಿ. ಆದ್ರ 3500ರಿಂದಾನ ತಳ್ಳಾಕ ಶುರು ಮಾಡ್ತದ, ಅದನ್ನ ದಿನಾ ಓಡ್ಸೂವಾಗ ಅನುಭವಿಸ್ತೀರಿ. ಡ್ಯಾಂಪರ್ ಗುಣ ತಿಳಿಯೋದು ಟ್ರ್ಯಾಕಿನ್ಯಾಗ. ಎಂಜಿನ್ ಗುಣ ಮನಿ ಗೇಟ್ ದಾಟಿದ ಕೂಡ್ಲೆ ತಿಳೀತದ.

ಕಾವೇರಿಕಣ · ಮಿಶಿಗನ್

ಎಂಜಿನ್ ಕ್ಯಾಲಿಬ್ರೇಷನ್ ನನ್ನ ಹೊಟ್ಟೆಪಾಡು, ಹಾಗಾಗಿ ಸೂಪರ್‌ಚಾರ್ಜರ್ ಕಡೆಯಿಂದಲೇ ಮಾತಾಡುತ್ತೇನೆ. ಕೃಷ್ಣೆದಂಡೆಯವರು ಹೇಳಿದ ಮಿಡ್-ರೇಂಜ್ ಸುಖ ನಿಜ. ಆದರೆ ಅವರದು ಎಕ್ಸಿಜ್, ಇವರದು ಎಲೀಸ್. ಈ ವ್ಯತ್ಯಾಸ ದೊಡ್ಡದು.

ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುವುದೂ ಇದರಿಂದಲೇ. ಲೆಕ್ಕ ಹಾಕೋಣ: ಹೊರಗೆ 30 ಡಿಗ್ರಿ, ಬೂಸ್ಟ್ (ಹೊರಗಿನ ಗಾಳಿಗಿಂತ ಹೆಚ್ಚಿಗೆ ಕೊಡುವ ಒತ್ತಡ) ಅರ್ಧ ಬಾರ್. ಅಂದರೆ ಒತ್ತಡ ಒಂದೂವರೆ ಪಟ್ಟು. ಸೂಪರ್‌ಚಾರ್ಜರ್ ಪರಿಪೂರ್ಣವಾಗಿದ್ದರೂ ಗಾಳಿ 37 ಡಿಗ್ರಿಯಷ್ಟು ಬಿಸಿಯೇರುತ್ತದೆ. ದಕ್ಷತೆ ಶೇ 60 ಅಂತ ಹಿಡಿದರೆ ಏರಿಕೆ ಸುಮಾರು 62, ಅಂದರೆ 92 ಡಿಗ್ರಿಯ ಗಾಳಿ ಎಂಜಿನ್ನಿಗೆ ಹೋಗುತ್ತದೆ. ಮಧ್ಯೆ ಶೇ 70ರಷ್ಟು ಶಾಖ ತೆಗೆಯುವ ಇಂಟರ್‌ಕೂಲರ್ ಇದ್ದರೆ ಅದೇ ಗಾಳಿ 49ರ ಹತ್ತಿರ ಬರುತ್ತದೆ. 2ಝಡ್‌ಝಡ್‌ನ ಕಂಪ್ರೆಷನ್ 11.5:1. ಇಷ್ಟು ಹೆಚ್ಚು ಕಂಪ್ರೆಷನ್ ಇರುವ ಎಂಜಿನ್ನಿಗೆ 92 ಡಿಗ್ರಿಯ ಗಾಳಿ ಕೊಟ್ಟರೆ ನಾಕ್ (ಪೆಟ್ರೋಲ್ ತಾನಾಗಿಯೇ ಸಿಡಿಯುವುದು) ಶುರುವಾಗುತ್ತದೆ. ಇಸಿಯು (ಎಂಜಿನ್ನಿನ ಕಂಪ್ಯೂಟರ್) ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ, ನೀವು ದುಡ್ಡು ಕೊಟ್ಟು ತಂದ ಪವರ್ ಕಣ್ಣೆದುರೇ ಕರಗುತ್ತದೆ.

ಎಕ್ಸಿಜ್ ಎಸ್‌ನಲ್ಲಿ ಚಾವಣಿಯ ಮೇಲೆ ಗಾಳಿಬಾಯಿ ಇದೆ, ಅದು ನೇರ ಎಂಜಿನ್ ಮೇಲಿನ ಇಂಟರ್‌ಕೂಲರ್‌ಗೆ ಗಾಳಿ ಉಣಿಸುತ್ತದೆ. ಎಲೀಸ್‌ಗೆ ಚಾವಣಿಯೇ ಬಟ್ಟೆ. 2008ರಲ್ಲಿ ಲೋಟಸ್ ಎಲೀಸ್ ಎಸ್‌ಸಿ ತಂದಾಗ ಇಂಟರ್‌ಕೂಲರ್ ಇಲ್ಲದೆಯೇ ಸೂಪರ್‌ಚಾರ್ಜರ್ ಕೂರಿಸಿ 218 ಬಿಎಚ್‌ಪಿಗೆ ನಿಲ್ಲಿಸಿತು. ರಸ್ತೆಗೆ ಅದು ಚೊಕ್ಕ ವ್ಯವಸ್ಥೆ. ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷದ ಸೆಷನ್ ಪೂರ್ತಿ ಒತ್ತಿ ಹಿಡಿಯುವವರಿಗೆ ನೀರಿನಿಂದ ತಂಪಾಗಿಸುವ ಚಾರ್ಜ್‌ಕೂಲರ್ ಬೇಕು. ಅಂದರೆ ಬೇರೆ ಪಂಪು, ಬೇರೆ ನೀರಿನ ತೊಟ್ಟಿ, ಮುಂದೆ ಇನ್ನೊಂದು ಪುಟ್ಟ ರೇಡಿಯೇಟರ್, ಅಲ್ಲಿಂದ ಹಿಂದಿನವರೆಗೆ ಪೈಪು. ಅಂಗಡಿಯವರು ಹೇಳುವ ಕಿಟ್ ಬೆಲೆಯಲ್ಲಿ ಇದೆಲ್ಲ ಸೇರಿದೆಯೇ ಕೇಳಿ ನೋಡಿ.

ತುಂಗಾತೀರ · ನಾರ್ವಿಚ್

ಇಷ್ಟು ವಿವರ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಧನ್ಯವಾದ ಮೇಡಂ. ಕೇಳಿದೆ, ಚಾರ್ಜ್‌ಕೂಲರ್ ಸೇರಿಲ್ಲ, ಅದಕ್ಕೆ ಬೇರೆ ದುಡ್ಡು.

> ಟೈರು ಯಾವ ವರ್ಷದ್ದು?

ಮುಂದೆ 175/55 ಆರ್16, ಹಿಂದೆ 225/45 ಆರ್17, ಕಂಪನಿ ಅಳತೆಯೇ. ಟ್ರೆಡ್ ಇದೆ, ಆದರೆ ಏಳು ವರ್ಷ ಹಳೆಯವು. ಅಲೈನ್‌ಮೆಂಟ್‌ಗೆ ದಾಖಲೆ ಇಲ್ಲ. ಟೋ ಲಿಂಕ್ ಈ ವಾರಾಂತ್ಯ ನೋಡಿ ಹೇಳುತ್ತೇನೆ.

ಸ್ಪ್ಯಾನರ್ ಸರ್, ಡ್ಯಾಂಪರ್‌ನಲ್ಲಿ ಒನ್-ವೇ, ಟೂ-ವೇ, ತ್ರೀ-ವೇ ಅಂತ ಬೆಲೆ ಏರುತ್ತಾ ಹೋಗುತ್ತದೆ. ನನ್ನಂಥವನಿಗೆ ಯಾವುದು ಸಾಕು? ಸ್ಪ್ರಿಂಗ್ ಎಷ್ಟು ಗಟ್ಟಿ ಇರಬೇಕು?

ಹಳೆಸ್ಪ್ಯಾನರ್ · ಕೊವೆಂಟ್ರಿ

ಏಳು ವರ್ಷದ ಟೈರಿನ ಮೇಲೆ ಕೂತು ಕೋರಮ್‌ನಲ್ಲಿ ಮೂಗು ಜಾರುತ್ತದೆ ಅಂದರೆ ಅರ್ಧ ಉತ್ತರ ಸಿಕ್ಕಿತು. ರಬ್ಬರ್ ಗಟ್ಟಿಯಾಗಿರುತ್ತದೆ. ಹೊಸ ಟೈರು ಮೊದಲು, ಅದಿಲ್ಲದೆ ಯಾವ ಡ್ಯಾಂಪರಿನ ಗುಣವೂ ತಿಳಿಯುವುದಿಲ್ಲ.

ಇನ್ನು ಸ್ಪ್ರಿಂಗ್. ಅಂಗಡಿಯವರು ಸ್ಪ್ರಿಂಗ್ ರೇಟ್ ಹೇಳುತ್ತಾರೆ, ಆದರೆ ಕಾರಿಗೆ ತಿಳಿಯುವುದು ಚಕ್ರದ ಹತ್ತಿರದ ಗಟ್ಟಿತನ. ಸ್ಪ್ರಿಂಗ್ ವಿಶ್‌ಬೋನ್‌ನ (ಚಕ್ರವನ್ನು ಕಾರಿಗೆ ಜೋಡಿಸುವ ತೋಳಿನ) ನಡುವೆ ಎಲ್ಲೋ ಕೂತಿರುತ್ತದೆ, ಚಕ್ರ ಚಲಿಸಿದಷ್ಟು ಅದು ಕುಗ್ಗುವುದಿಲ್ಲ. ಆ ಅನುಪಾತ 0.8 ಅಂತ ಇಟ್ಟುಕೊಂಡರೆ ಅದರ ವರ್ಗ 0.64, ಮಿಲಿಮೀಟರಿಗೆ 60 ನ್ಯೂಟನ್‌ನ ಸ್ಪ್ರಿಂಗ್ ಚಕ್ರಕ್ಕೆ 38ರಷ್ಟೇ ಆಗುತ್ತದೆ. ಹಾಗಾಗಿ ಬೇರೆ ಕಾರಿನವರು ಹೇಳಿದ ನಂಬರನ್ನು ನಿಮ್ಮ ಕಾರಿಗೆ ತರಬೇಡಿ.

ನಾನು ನೋಡುವುದು ಫ್ರೀಕ್ವೆನ್ಸಿ, ಅಂದರೆ ಸ್ಪ್ರಿಂಗ್ ಮೇಲೆ ಕಾರು ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತದೆ ಅಂತ. ನಿಮ್ಮ ಕಾರು ಸುಮಾರು 860 ಕೆಜಿ, ಜೊತೆಗೆ ನೀವು. ಭಾರದಲ್ಲಿ ಸುಮಾರು ಶೇ 62 ಹಿಂದೆ. ಚಕ್ರ, ಬ್ರೇಕು ಕಳೆದರೆ ಹಿಂದಿನ ಒಂದೊಂದು ಮೂಲೆಯ ಮೇಲೆ 250 ಕೆಜಿ ಹತ್ತಿರ. ಚಕ್ರದ ಹತ್ತಿರ ಮಿಲಿಮೀಟರಿಗೆ 30 ನ್ಯೂಟನ್ ಗಟ್ಟಿತನ ಇದ್ದರೆ 1.74 ಹರ್ಟ್ಜ್ ಬರುತ್ತದೆ, 45 ಇದ್ದರೆ 2.14, 60 ಇದ್ದರೆ 2.47. ರಸ್ತೆಯ ಸ್ಪೋರ್ಟ್ಸ್ ಕಾರು ಒಂದೂವರೆಯಿಂದ ಎರಡರೊಳಗೆ ಇರುತ್ತದೆ. ನಿಮ್ಮ ಬಳಕೆಗೆ ಎರಡರ ಆಸುಪಾಸು ಸರಿ. ಎರಡೂವರೆಗೆ ಹೋದರೆ ಸ್ನೆಟರ್ಟನ್‌ನಲ್ಲಿ ಖುಷಿ. ಮನೆಗೆ ಬರುವ ದಾರಿಯ ಗುಂಡಿಗಳಲ್ಲಿ ಟೈರು ನೆಲ ಬಿಟ್ಟು ಕುಣಿಯುತ್ತದೆ, ಒದ್ದೆ ರಸ್ತೆಯಲ್ಲಿ ಅದು ಅಪಾಯ.

ಡ್ಯಾಂಪರ್: ಒನ್-ವೇ ಅಂದರೆ ತಿರುಗಿಸಲು ಒಂದೇ ನಾಬ್, ಎಷ್ಟೋ ಮಾಡೆಲ್‌ಗಳಲ್ಲಿ ಬಂಪ್ (ಕುಗ್ಗುವಾಗಿನ ತಡೆ), ರಿಬೌಂಡ್ (ಹಿಗ್ಗುವಾಗಿನ ತಡೆ) ಎರಡೂ ಒಟ್ಟಿಗೆ ಬದಲಾಗುತ್ತವೆ. ಟೂ-ವೇನಲ್ಲಿ ಅವೆರಡೂ ಬೇರೆ ಬೇರೆ. ತ್ರೀ-ವೇನಲ್ಲಿ ಬಂಪ್ ಮತ್ತೆ ಹೈ-ಸ್ಪೀಡ್, ಲೋ-ಸ್ಪೀಡ್ ಅಂತ ಎರಡಾಗುತ್ತದೆ. ಇಲ್ಲಿ ಸ್ಪೀಡ್ ಅಂದರೆ ಕಾರಿನ ವೇಗ ಅಂತ ಅಂದುಕೊಳ್ಳುವವರು ಬಹಳ. ಅದು ಡ್ಯಾಂಪರಿನೊಳಗಿನ ಕಡ್ಡಿ ಚಲಿಸುವ ವೇಗ. ಬ್ರೇಕ್ ಒತ್ತಿದಾಗ ಮೂಗು ಬಾಗುವುದು, ತಿರುವಿನಲ್ಲಿ ಮೈ ವಾಲುವುದು ಲೋ-ಸ್ಪೀಡ್. 150ರಲ್ಲಿ ಹೋದರೂ ಲೋ-ಸ್ಪೀಡೇ. ಗುಂಡಿ, ಕರ್ಬ್ ಹೊಡೆದಾಗಿನದು ಹೈ-ಸ್ಪೀಡ್, ಅದು 30ರಲ್ಲಿ ಹೊಡೆದರೂ ಸರಿ. ನಿಮಗೆ ಒಳ್ಳೆಯ ಒನ್-ವೇ ಸಾಕು, ದುಡ್ಡು ಮಿಕ್ಕಿದರೆ ಟೂ-ವೇ. ಒಳಗಿನ ವಾಲ್ವಿಂಗ್ ನಿಮ್ಮ ಸ್ಪ್ರಿಂಗಿಗೆ ಹೊಂದಿರಬೇಕು, ಮತ್ತೆ ರೀಬಿಲ್ಡ್ ಮಾಡಿಕೊಡುವವರು ದೇಶದೊಳಗೇ ಇರಬೇಕು. ಈ ಎರಡನ್ನು ನಾಬ್‌ಗಳ ಸಂಖ್ಯೆಗಿಂತ ಮುಂಚೆ ನೋಡಿ.

ಮರೆಯುವ ಮೊದಲು ಇನ್ನೊಂದು. ವಿಶ್‌ಬೋನ್ ಬುಶ್‌ಗಳು ರಬ್ಬರಿನವು, ಲೋಹಕ್ಕೆ ಅಂಟಿಸಿದವು. ಹೊಸದು ಹಾಕಿದ ಮೇಲೆ ಅವುಗಳ ಬೋಲ್ಟನ್ನು ಕಾರು ತನ್ನ ಎತ್ತರದಲ್ಲಿ ನಿಂತಿರುವಾಗಲೇ ಪೂರ್ತಿ ಬಿಗಿಯಬೇಕು. ಚಕ್ರ ಜೋತುಬಿದ್ದಿರುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಗ್ಯಾರೇಜಿನವರಿಗೆ ಬಾಯಿಬಿಟ್ಟು ಹೇಳಿ.

ಕರಾವಳಿಗೇರು · ಮಂಗಳೂರು

ನಾನು ರ‍್ಯಾಲಿ ಕಡೆಯವ, ಟ್ರ್ಯಾಕ್ ಕಡಿಮೆ. ಆದರೂ ಒಂದು ಮಾತು ಹೇಳ್ತೇನೆ ಮಾರಾಯ್ರೆ: ಕಾರನ್ನು ತುಂಬ ಇಳಿಸಬೇಡಿ. ಡ್ಯಾಂಪರಿಗೆ ಓಡಾಡ್ಲಿಕ್ಕೆ ಜಾಗ ಬೇಕು. ಇಳಿಸಿ ಇಳಿಸಿ ಬಂಪ್ ಸ್ಟಾಪ್ (ಕೊನೆಯ ರಬ್ಬರ್ ತಡೆ) ಮೇಲೆ ಕೂತರೆ ಆಮೇಲೆ ಸ್ಪ್ರಿಂಗ್ ಎಂಥದ್ದಾದರೂ ಒಂದೇ. ಕ್ಯಾಡ್‌ವೆಲ್ ಪಾರ್ಕ್ ಟ್ರ್ಯಾಕಿನ ಮೌಂಟನ್ ದಿಣ್ಣೆಯಲ್ಲಿ ಕಾರು ನೆಲ ಬಿಡುವ ವಿಡಿಯೊ ನೋಡಿದ್ದೇನೆ, ಅಲ್ಲಿಗೆಲ್ಲ ಹೋಗುವ ಯೋಚನೆ ಇದ್ದರೆ ಇನ್ನೂ ಮುಖ್ಯ.

ನಿಮಗೆ ಅಲ್ಲಿ ಇದನ್ನೆಲ್ಲ ಕಾನೂನು ಪ್ರಕಾರ ಮಾಡ್ಲಿಕ್ಕೆ ಆಗ್ತದಲ್ಲ, ಅದೇ ದೊಡ್ಡ ವಿಷಯ. ಇಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಕೊಟ್ಟ ಸ್ಪೆಸಿಫಿಕೇಷನ್ ಮೀರಿ ಗಾಡಿ ಬದಲಾಯಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿ ಆಗಿದೆ. ಸೂಪರ್‌ಚಾರ್ಜರ್ ಹಾಕಿದ ಕಾರು ಬೇಕಾದರೆ ಟ್ರ್ಯಾಕಿಗೆ ಮಾತ್ರ, ಅದೂ ಟ್ರಕ್ಕಿನ ಮೇಲೆ ಚೆನ್ನೈಗೋ ಕೊಯಮತ್ತೂರಿಗೋ ಸಾಗಿಸಬೇಕು.

ಕೃಷ್ಣೆದಂಡೆ · ಸ್ಟುಟ್‌ಗಾರ್ಟ್

ಇಲ್ಲೂ ಸಲೀಸಿಲ್ರಿ. ಜರ್ಮನಿಯೊಳಗ ಡ್ಯಾಂಪರ್ ಬದಲಾಯಿಸಿದ್ರೂ ಅದಕ್ಕ ಮಂಜೂರಾತಿ ಕಾಗದ ಇರಬೇಕು. ಇಲ್ಲಂದ್ರ ಟ್ಯೂಫ್ (ವಾಹನ ತಪಾಸಣಾ ಸಂಸ್ಥೆ) ಇನ್ಸ್‌ಪೆಕ್ಟರ್ ಕಡೆ ಕಾರು ಒಯ್ದು ಒಂದೊಂದಾಗಿ ತೋರಿಸಿ ಬರೆಸಿಕೊಬೇಕು. ತುಂಗಾತೀರ ಅವರ, ಬ್ರಿಟನ್ನಿನಾಗ ಅಷ್ಟು ಕಾಟ ಇಲ್ಲ, ಆದ್ರ ಇನ್ಶೂರೆನ್ಸ್‌ನವರಿಗೆ ಎಲ್ಲಾ ಬರದು ಕಳಿಸ್ರಿ. ಬೂಸ್ಟ್ ಮುಚ್ಚಿಟ್ಟು ನಾಳೆ ಏನಾರ ಆತಂದ್ರ ಕ್ಲೇಮು ಕೈ ಬಿಡ್ತಾರ. ಟ್ರ್ಯಾಕ್ ಡೇಗೆ ಬೇರೇನ ಪಾಲಿಸಿ ಬೇಕು, ರಸ್ತೆ ಪಾಲಿಸಿಯೊಳಗ ಸಾಮಾನ್ಯವಾಗಿ ಅದು ಬರೂದಿಲ್ಲ. ಸದ್ದಿನ ಮಿತೀನೂ ನೋಡ್ಕೊಳ್ರಿ. ನಿಂತಲ್ಲಿ 105 ಡೆಸಿಬಲ್ ಅನ್ನೂ ಟ್ರ್ಯಾಕ್ ಅದಾವು, ಗುಡ್‌ವುಡ್‌ನಂಥ ಕಡೆ ಇನ್ನೂ ಬಿಗಿ.

ಕಾವೇರಿಕಣ ಅಕ್ಕಾರ ಲೆಕ್ಕ ಒಪ್ತೀನಿ. ನನ್ನ ಎಕ್ಸಿಜ್‌ನಾಗೂ ಜುಲೈ ಬಿಸಿಲಾಗ ಸೆಷನ್ ಕಡೀಗೆ ಎಂಜಿನ್ ಮಂಕಾಗ್ತದ. ಆದ್ರೂ ಕೇಳ್ತೀನಿ: ರೋಟ್ರೆಕ್ಸ್ ಥರದ ಸೆಂಟ್ರಿಫ್ಯೂಗಲ್ (ಫ್ಯಾನಿನಂಗ ತಿರುಗಿ ಗಾಳಿ ತಳ್ಳೂ) ಸೂಪರ್‌ಚಾರ್ಜರ್ ಹಾಕಿದ್ರ ಬಿಸಿ ಕಮ್ಮಿ ಅಲ್ಲೇನು?

ಕಾವೇರಿಕಣ · ಮಿಶಿಗನ್

ಕಮ್ಮಿಯೇ. ಸೆಂಟ್ರಿಫ್ಯೂಗಲ್‌ನ ದಕ್ಷತೆ ನಿಮ್ಮ ಎಂ62ರಂಥ ಹಳೆಯ ರೂಟ್ಸ್ (ಜೋಡಿ ರೋಟರಿನ) ಮಾದರಿಗಿಂತ ಎಷ್ಟೋ ಮೇಲು. ಆದರೆ ಅದರ ಬೂಸ್ಟ್ ಹೆಚ್ಚೂಕಡಿಮೆ ಆರ್‌ಪಿಎಂನ ವರ್ಗದಂತೆ ಏರುತ್ತದೆ. 8000ಕ್ಕೆ ಅರ್ಧ ಬಾರ್ ಕೊಟ್ಟರೆ 4000ಕ್ಕೆ ಅದರ ಕಾಲು ಭಾಗ. ಅಂದರೆ ನೀವು ಮೊದಲ ಪೋಸ್ಟ್‌ನಲ್ಲಿ ಹೇಳಿದ, ಟ್ರ್ಯಾಕ್ಟರ್ ದಾಟುವ ಸುಖ ಅದರಲ್ಲಿ ಸಿಗುವುದಿಲ್ಲ. ಮೇಲಿನ ಆರ್‌ಪಿಎಂನಲ್ಲೇ ಸದಾ ಇರುವ ಟ್ರ್ಯಾಕ್ ಚಾಲಕರಿಗೆ ಅದು ಹೇಳಿ ಮಾಡಿಸಿದ್ದು.

ರಸ್ತೆ, ಟ್ರ್ಯಾಕ್ ಎರಡಕ್ಕೂ ಅಂದರೆ ನನ್ನ ಮತ ಈಟನ್‌ನ ಟಿವಿಎಸ್ ರೋಟರ್ ಕಡೆಗೆ (ನಮ್ಮ ಟಿವಿಎಸ್ ಬೈಕಿಗೂ ಇದಕ್ಕೂ ಸಂಬಂಧ ಇಲ್ಲ). ಎಂ62ರಲ್ಲಿ ಮೂರು ಎಸಳು, 60 ಡಿಗ್ರಿ ತಿರುಚು. ಟಿವಿಎಸ್‌ನಲ್ಲಿ ನಾಲ್ಕು ಎಸಳು, 160 ಡಿಗ್ರಿ ತಿರುಚು. ಗಾಳಿ ನಯವಾಗಿ ಸಾಗುತ್ತದೆ, ಅದೇ ಬೂಸ್ಟಿಗೆ ಶಾಖ ಕಡಿಮೆ. ಗಾತ್ರ ನೋಡಿ ಆರಿಸಿ. ಸಣ್ಣದನ್ನು ತಂದು ಸಣ್ಣ ಪುಲ್ಲಿ ಹಾಕಿ ಜೋರಾಗಿ ತಿರುಗಿಸುವುದು ಅಗ್ಗದ ದಾರಿ, ಆದರೆ ಪುಲ್ಲಿ ಅನುಪಾತ 2 ಆದರೆ 8000 ಆರ್‌ಪಿಎಂನಲ್ಲಿ ರೋಟರ್ 16,000 ತಿರುಗುತ್ತದೆ. ತಯಾರಕರ ಮಿತಿ ದಾಟಿದ ಸೂಪರ್‌ಚಾರ್ಜರ್ ಗಾಳಿಗಿಂತ ಶಾಖವನ್ನೇ ಹೆಚ್ಚು ಕೊಡುತ್ತದೆ. ದೊಡ್ಡದನ್ನು ನಿಧಾನವಾಗಿ ತಿರುಗಿಸುವುದೇ ಮೇಲು.

ಅದರ ಜೊತೆ ದೊಡ್ಡ ಇಂಜೆಕ್ಟರ್, ಇಂಧನ ಪಂಪು, ಕ್ಲಚ್, ಸರಿಯಾದ ಮ್ಯಾಪಿಂಗ್ ಬರುತ್ತವೆ. ಪೆಟ್ರೋಲ್ ಯಾವಾಗಲೂ ಸೂಪರ್, ನಿಮ್ಮಲ್ಲಿ 99 ಆಕ್ಟೇನ್ ಸಿಗುತ್ತದೆ. ಇನ್ನು ಆಯಿಲ್: ಉದ್ದ ತಿರುವಿನಲ್ಲಿ ಸಂಪ್‌ನ (ಎಂಜಿನ್ ಕೆಳಗಿನ ತೊಟ್ಟಿಯ) ಆಯಿಲ್ ಒಂದು ಪಕ್ಕಕ್ಕೆ ಸರಿದು ಪಿಕಪ್ ಕೊಳವೆಗೆ ಗಾಳಿ ಸಿಕ್ಕಿದರೆ ಬೇರಿಂಗ್ ಹೋಗುತ್ತದೆ. ಒಳ್ಳೆಯ ಟೈರು ಹಾಕಿದ ಮೇಲೆ ಕೋರಮ್‌ನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಬ್ಯಾಫಲ್ (ಆಯಿಲ್ ಸರಿಯದಂತೆ ಒಳತಡೆ) ಇರುವ ಸಂಪ್ ಈಗಲೇ ಹಾಕಿಸಿ, ಸೂಪರ್‌ಚಾರ್ಜರ್ ಬರಲಿ ಬಿಡಲಿ.

ಬ್ರೇಕನ್ನೂ ಮರೆಯಬೇಡಿ. ನೇರ ದಾರಿಯ ಕೊನೆಯಲ್ಲಿ ವೇಗ ಶೇ 10 ಹೆಚ್ಚಿದರೆ ಬ್ರೇಕ್ ತಡೆಯಬೇಕಾದ ಶಕ್ತಿ ಶೇ 21 ಹೆಚ್ಚು.

ತುಂಗಾತೀರ · ನಾರ್ವಿಚ್

ಟೋ ಲಿಂಕ್ ನೋಡಿದೆ. ಬಲಗಡೆ ಗಟ್ಟಿ ಇದೆ. ಎಡಗಡೆ ಒಳಗಿನ ಜಾಯಿಂಟ್‌ನಲ್ಲಿ ಸಣ್ಣಗೆ ಟಕ್ ಅನ್ನುತ್ತದೆ, ಬೂಟ್ ಕೆಳಮಡಿಕೆಯಲ್ಲಿ ಉದ್ದಕ್ಕೆ ಸೀಳಿದೆ. ಮೇಲಿನಿಂದ ನೋಡಿದರೆ ಕಾಣಿಸುವುದೇ ಇಲ್ಲ, ಬೆರಳಿಗೆ ಗ್ರೀಸ್ ಅಂಟಿದಾಗ ಗೊತ್ತಾಯಿತು. ಸ್ಪ್ಯಾನರ್ ಸರ್, ನಿಮಗೆ ದೊಡ್ಡ ನಮಸ್ಕಾರ. ಕಾರು ಸದ್ಯಕ್ಕೆ ಹೊರಗೆ ಹೋಗುವುದಿಲ್ಲ.

ಹೀಗೆ ಮಾಡೋಣ ಅಂತಿದ್ದೇನೆ: ಬ್ರೇಸ್ ಇರುವ ಟೋ ಲಿಂಕ್ ಕಿಟ್, ಬುಶ್‌ಗಳು, ಹೊಸ ಟೈರು, ಒಳ್ಳೆಯ ಒನ್-ವೇ ಡ್ಯಾಂಪರು ಎರಡು ಹರ್ಟ್ಜ್ ಸುತ್ತಮುತ್ತಲ ಸ್ಪ್ರಿಂಗ್ ಜೊತೆ, ಬ್ಯಾಫಲ್ ಸಂಪ್, ಬ್ರೇಕ್ ಪ್ಯಾಡ್ ಮತ್ತು ಫ್ಲೂಯಿಡ್. ಸೂಪರ್‌ಚಾರ್ಜರ್ ಮುಂದಿನ ವರ್ಷ, ಚಾರ್ಜ್‌ಕೂಲರ್ ಸಮೇತ ದುಡ್ಡು ಕೂಡಿದಾಗ. ಅಲೈನ್‌ಮೆಂಟ್ ಎಲ್ಲಿಂದ ಶುರು ಮಾಡಲಿ?

ಹಳೆಸ್ಪ್ಯಾನರ್ · ಕೊವೆಂಟ್ರಿ

ಮುಂದೆ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲುವ ಕೋನ) ಮೈನಸ್ 1.2ರಿಂದ 1.5 ಡಿಗ್ರಿ, ಹಿಂದೆ ಮೈನಸ್ 2.2 ಹತ್ತಿರ. ಮುಂದೆ ಟೋ ಸೊನ್ನೆ, ಹಿಂದೆ ಸ್ವಲ್ಪ ಟೋ-ಇನ್ (ಚಕ್ರಗಳ ಮುಂತುದಿ ಒಳಮುಖ) ಇರಲೇಬೇಕು, ಅದನ್ನು ಕಳೆದರೆ ಥ್ರಾಟಲ್ ಬಿಟ್ಟಾಗ ಹಿಂಭಾಗ ಹೆದರಿಸುವುದು ಇನ್ನೂ ಹೆಚ್ಚುತ್ತದೆ. ಕ್ಯಾಂಬರ್ ಹೊಂದಿಸುವುದು ಮೇಲಿನ ಶಿಮ್‌ಗಳಿಂದ (ತೆಳು ಲೋಹದ ಬಿಲ್ಲೆಗಳು). ಶಿಮ್ ತೆಗೆದಷ್ಟೂ ನೆಗೆಟಿವ್ ಹೆಚ್ಚು. ಶಿಮ್ ಮುಟ್ಟಿದ ಮೇಲೆ ಟೋ ಮತ್ತೆ ನೋಡಬೇಕು.

ನಾಲ್ಕು ತಕ್ಕಡಿಗಳ ಮೇಲೆ ಕಾರ್ನರ್ ವೇಟ್ ಮಾಡಿಸಿ, ಅಂದರೆ ಒಂದೊಂದು ಚಕ್ರದ ಭಾರ ಅಳೆದು ಹೊಂದಿಸಿ. ಸೀಟಿನಲ್ಲಿ ನಿಮ್ಮ ತೂಕ ಇರಬೇಕು, ಅರ್ಧ ಟ್ಯಾಂಕ್ ಪೆಟ್ರೋಲ್, ಮುಂದಿನ ಆಂಟಿ-ರೋಲ್ ಬಾರ್‌ನ ಒಂದು ಲಿಂಕ್ ಬಿಚ್ಚಿರಬೇಕು. (ಈ ಕಾರಿಗೆ ಹಿಂದೆ ಬಾರ್ ಇಲ್ಲ.) ಕರ್ಣದ ಮೇಲಿನ ಎರಡು ಚಕ್ರಗಳ ಭಾರ ಒಟ್ಟಿನ ಶೇ 50ಕ್ಕೆ ಬಂದರೆ ಎಡತಿರುವು, ಬಲತಿರುವು ಎರಡರಲ್ಲೂ ಕಾರು ಒಂದೇ ಥರ ನಡೆದುಕೊಳ್ಳುತ್ತದೆ.

ಟ್ರ್ಯಾಕಿನಲ್ಲಿ ಡ್ಯಾಂಪರನ್ನು ತಯಾರಕರು ಹೇಳಿದ ಜಾಗದಲ್ಲಿಟ್ಟು ಮೊದಲ ಸೆಷನ್ ಬರೀ ಓಡಿಸಿ. ಆಮೇಲೆ ಮುಂದಿನದೋ ಹಿಂದಿನದೋ ಒಂದು ತುದಿ ಮಾತ್ರ, ಎರಡು ಕ್ಲಿಕ್ ಮಾತ್ರ. ಪೂರ್ತಿ ಮುಚ್ಚಿದ ಕಡೆಯಿಂದ ಎಣಿಸಿ ಬರೆದಿಟ್ಟುಕೊಳ್ಳಿ. ಒಳಗೆ ಬಂದ ತಕ್ಷಣ ಬಿಸಿ ಟೈರಿನ ಒತ್ತಡ ಅಳೆಯಿರಿ, ಎರಡು ನಿಮಿಷ ಬಿಟ್ಟರೆ ಆ ಅಂಕಿ ಉಪಯೋಗಕ್ಕೆ ಬರುವುದಿಲ್ಲ.

ಕೃಷ್ಣೆದಂಡೆ · ಸ್ಟುಟ್‌ಗಾರ್ಟ್

ಸರಿ ಐತ್ರಿ. ಆದ್ರ ಮುಂದಿನ ವರ್ಷ ಬಿಡಬ್ಯಾಡ್ರಿ. ಬೆಂಟ್ಲಿ ಸ್ಟ್ರೇಟ್‌ನಾಗ ಡ್ಯಾಂಪರ್ ಏನೂ ಮಾಡೂದಿಲ್ಲ.

ಕಾವೇರಿಕಣ · ಮಿಶಿಗನ್

ಅದಕ್ಕೆ ಈ ವರ್ಷವೇ ಒಂದು ಸಿದ್ಧತೆ ಮಾಡಬಹುದು, ಖರ್ಚು ಅಲ್ಪ. ಕಾರಿನ ಓಬಿಡಿ (ದೋಷ ಪತ್ತೆಯ) ಸಾಕೆಟ್ಟಿಗೆ ಅಗ್ಗದ ರೀಡರ್ ಹಾಕಿ ಫೋನಿನಲ್ಲಿ ಒಳಗೆ ಹೋಗುವ ಗಾಳಿಯ ಉಷ್ಣತೆ, ಕೂಲೆಂಟ್ ಉಷ್ಣತೆ, ಇಗ್ನಿಷನ್ ಟೈಮಿಂಗ್ ಮೂರನ್ನೂ ಪ್ರತಿ ಸೆಷನ್ ದಾಖಲಿಸಿ. ಹೊರಗಿನ ಉಷ್ಣತೆಯನ್ನೂ ಬರೆದಿಡಿ. ಸೂಪರ್‌ಚಾರ್ಜರ್ ಇಲ್ಲದೆಯೇ ಇಪ್ಪತ್ತನೆಯ ನಿಮಿಷಕ್ಕೆ ಕೂಲೆಂಟ್ ಏರುತ್ತಿದ್ದರೆ, ಮೇನ್ ರೇಡಿಯೇಟರ್ ಮುಂದೆ ಚಾರ್ಜ್‌ಕೂಲರ್‌ನ ರೇಡಿಯೇಟರ್ ಇಡುವ ಮೊದಲು ಆ ಮೇನ್ ರೇಡಿಯೇಟರನ್ನೇ ಬದಲಾಯಿಸಬೇಕಾಗುತ್ತದೆ. ಲಾಗ್ ಇಲ್ಲಿ ಹಾಕಿ, ನಾನು ನೋಡಿ ಹೇಳುತ್ತೇನೆ.